ಮ್ಯಾಕ್ರೋ ಮಹಾಶಯ

ಬೆಂಗಳೂರಿನ ಇ-ಲರ್ನಿಂಗ್ ಕಂಪನಿಗಳಲ್ಲಿ ಇವರು ಸಿಕ್ಕೇ ಸಿಗುತ್ತಾರೆ. ಹುದ್ದೆಯ ಹೆಸರು ಇನ್‌ಸ್ಟ್ರಕ್ಷನಲ್ ಡಿಸೈನರ್. ಅದನ್ನು ನೆಂಟರಿಗೆ ವಿವರಿಸಿ ಸೋತ ಮಾವನವರು ‘ನಮ್ಮಳಿಯ ಕಂಪ್ಯೂಟರ್ ಮೇಷ್ಟ್ರು’ ಎಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಪಾಠ ಬರೆಯುವುದೇ ಇವರ ಕೆಲಸ, ನಿಜ. ಆದರೆ ಅದಕ್ಕೂ ಮುಂಚೆ ಪಾಠ ಬರೆಯುವುದನ್ನು ಸುಲಭ ಮಾಡುವ ಕೆಲಸವೊಂದಿದೆ. ಅದಿನ್ನೂ ಮುಗಿದಿಲ್ಲ.

ಯಾವುದನ್ನೇ ಆಗಲಿ ಎರಡನೇ ಸಲ ಕೈಯಿಂದ ಮಾಡುವುದು ಇವರಿಗೆ ಮೈಲಿಗೆ. ಸ್ಟೋರಿಬೋರ್ಡ್ ಎಂದರೆ ವರ್ಡ್‌ನಲ್ಲೊಂದು ಟೇಬಲ್: ಪರದೆಯ ಮೇಲಿನ ಮಾತು ಒಂದು ಕಾಲಂ, ಓದಿ ಹೇಳುವ ಮಾತು ಇನ್ನೊಂದು, ಚಿತ್ರದ ಸೂಚನೆ ಮಗದೊಂದು. ಅದನ್ನು ಒಂದೊಂದಾಗಿ ಪವರ್‌ಪಾಯಿಂಟಿಗೆ ಕಾಪಿ-ಪೇಸ್ಟ್ ಮಾಡುತ್ತಿದ್ದ ಹುಡುಗಿಯನ್ನು ಕಂಡು ಇವರ ಕರುಳು ಚುರ್ ಎಂದಿತು. ಆಲ್ಟ್ ಎಫ್-11 ಒತ್ತಿ ಕೂತೇಬಿಟ್ಟರು. ಎಕ್ಸೆಲ್‌ಗೆ 1993ರಲ್ಲಿ ಬಂದ ವಿಬಿಎ ಭಾಷೆಯ ಬಗ್ಗೆ ಇವರು ಮಾತಾಡುವುದು ಕೇಳಿದರೆ ಪಿತ್ರಾರ್ಜಿತ ತೋಟದ ನೆನಪಾಗಬೇಕು. ಅಂತೂ ಬಟನ್ ಸಿದ್ಧವಾಯಿತು. ಒತ್ತಿದರೆ ನೂರು ಸ್ಲೈಡು ತಾವಾಗಿಯೇ ಬಂದು ಸಾಲಾಗಿ ನಿಲ್ಲುತ್ತವೆ. ಬೊಗಳೆಯಲ್ಲ, ನಿಲ್ಲುತ್ತವೆ! ಎರಡನೇ ಕಾಲಂ ಎರಡನೆಯದಾಗಿಯೇ ಇರುವವರೆಗೆ. ಯಾರೋ ಪುಣ್ಯಾತ್ಗಿತ್ತಿ ನಡುವೆ ಒಂದು ಕಾಲಂ ತೆಗೆದುಹಾಕಿದಳು. ‘ಇಲ್ಲಿ ನಗುಮುಖದ ಮಹಿಳೆಯ ಚಿತ್ರ ಬರಲಿ’ ಎಂಬುದನ್ನು ವಾಯ್ಸ್‌ಓವರ್ ಕಲಾವಿದರು ಘನಗಂಭೀರವಾಗಿ ಓದಿ ರೆಕಾರ್ಡ್ ಮಾಡಿ ಬಿಲ್ಲು ಕಳಿಸಿದರು.

ಇವರ ಮೇರು ಕೃತಿ ಮಾತ್ರ ನುಡಿ ಪರಿವರ್ತಕ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ಗ್ರಾಹಕರಿಂದ ಬರುವ ಅನುವಾದ ಹಳೆಯ ನುಡಿ ಫಾಂಟಿನಲ್ಲೇ ಬರುತ್ತದೆ. ಬೇರೆ ಕಡೆ ಪೇಸ್ಟ್ ಮಾಡಿದರೆ ಯುರೋಪಿನ ಯಾವುದೋ ಭಾಷೆಯ ಬೈಗುಳದಂತೆ ಕಾಣುತ್ತದೆ. ಒಂದೊಂದು ಗುರುತಿಗೂ ಒಂದೊಂದು ಅಕ್ಷರ ಬದಲಿಸುವ ಪಟ್ಟಿ ಮಾಡಿ ಇವರು ಮ್ಯಾಕ್ರೋ ಓಡಿಸಿದರು. ಆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲೇ ಬರಬೇಕು. ಇಷ್ಟೇ ವ್ಯತ್ಯಾಸ. ಪಾಠದ ತುಂಬ ಸೂರ್ಯ ‘ಸೂಯರ್’ ಆದ, ಧರ್ಮ ‘ಧಮರ್’ ಆಯಿತು, ಮುಖಪುಟದಲ್ಲೇ ‘ಕನಾರ್ಟಕ’ ಎದ್ದು ನಿಂತಿತು. (ಸರ್ಕಾರಿ ಸುತ್ತೋಲೆಗಳನ್ನು ಓದಿ ಪಳಗಿದವರಿಗೆ ಇದೇನೂ ಹೊಸತಲ್ಲ.) ಕೈಯಲ್ಲಿ ತಿದ್ದಿದ್ದರೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತಿತ್ತು. ಮಹಾಶಯರು ರಜೆ ಹಾಕಿ ಮನೆಯಲ್ಲಿ ಕೂತು ಅರ್ಕಾವತ್ತನ್ನು ಪಳಗಿಸಿದರು. ಈಗ ಆಫೀಸಿನಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಇವರು ಹೇಳದೆ ಬಿಟ್ಟವರು ಆಫೀಸಿನಲ್ಲಿ ಯಾರೂ ಇಲ್ಲ ಎಂಬುದು ಬೇರೆ ಮಾತು. ಕೇಳಿ ಮರೆತವರೇ ಎಲ್ಲ.

ಇಷ್ಟೆಲ್ಲ ಇದ್ದರೂ ಕೋರ್ಸು ತಡವಾಗುವುದು ಸ್ಲೈಡಿನಿಂದಲೂ ಅಲ್ಲ, ಫಾಂಟಿನಿಂದಲೂ ಅಲ್ಲ. 1975ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ರೂಪಿಸಿದ ‘ಆಡಿ’ ಕ್ರಮದಲ್ಲಿ ವಿಶ್ಲೇಷಣೆಯಿಂದ ಮೌಲ್ಯಮಾಪನದವರೆಗೆ ಐದು ಹಂತಗಳಿವೆ. ‘ವಿಷಯತಜ್ಞರಿಗಾಗಿ ಕಾಯುವುದು’ ಎಂಬ ಆರನೆಯದನ್ನು ಸೇರಿಸಲು ಮರೆತಿದ್ದಾರೆ. ಸೈನ್ಯದಲ್ಲಿ ಕಾಯುವ ಪ್ರಮೇಯ ಬರಲಿಲ್ಲವೋ ಏನೋ. ನಮ್ಮಲ್ಲಿ ಸ್ಟೋರಿಬೋರ್ಡು ರಿವ್ಯೂಗೆ ನಾಲ್ಕನೇ ಮಹಡಿಗೆ ಹೋದರೆ ತವರಿಗೆ ಹೋದ ಹಾಗೆ, ಬಂದಾಗ ಬಂತು.

ಅದಕ್ಕೂ ಇವರೊಂದು ಟೂಲ್ ಮಾಡಿದರು. ಎಕ್ಸೆಲ್ ಶೀಟಿನಲ್ಲಿ ಗಡುವು ದಾಟಿದ ಸಾಲು ಕಂಡರೆ ಔಟ್‌ಲುಕ್‌ನಿಂದ ಬೆಳಿಗ್ಗೆ ಮೇಲ್ ತಾನಾಗಿಯೇ ಹೊರಡಬೇಕು, ವಿನಯ ತುಂಬಿ ತುಳುಕುವ ಮೇಲ್. ಹೊರಟವು, ದಿನಾ ಹೊರಟವು. ಉತ್ತರವಿಲ್ಲ. ಕೊನೆಗೆ ಮಹಾಶಯರು ಖುದ್ದು ಮೆಟ್ಟಿಲು ಹತ್ತಿ ಹೋಗಿ ನೋಡಿದರೆ, ತಜ್ಞರ ಔಟ್‌ಲುಕ್ಕಿನಲ್ಲಿ ಒಂದು ರೂಲ್: ಇವರ ಮೇಲ್ ಬಂದ ಕೂಡಲೇ ಓದಿದ ಗುರುತು ಬಿದ್ದು, ಮೂಲೆಯ ಫೋಲ್ಡರಿಗೆ ರವಾನೆ.

ಬೇರೆಯವರಾಗಿದ್ದರೆ ಕಿರುಚುತ್ತಿದ್ದರು. ಇವರು ಇಳಿದು ಬಂದಾಗ ಮುಖದಲ್ಲಿ ಕಳೆಯೋ ಕಳೆ.

“ಒಂದು ಮೇಲೂ ತಪ್ಪಿಲ್ಲ ಮೇಡಂ, ಎಲ್ಲಾ ಸರಿಯಾಗಿ ಫೋಲ್ಡರಿಗೇ ಹೋಗಿದೆ! ಆ ರೂಲ್ ಹಾಕೋದು ಹೇಗೆ ಅಂತ ಅವರಿಗೆ ಹೇಳಿಕೊಟ್ಟೋನು ನಾನೇ, ಹೋದ ಸಲದ ವರ್ಕ್‌ಶಾಪ್‌ನಲ್ಲಿ.”