ಹೊಗೆಯ ಲೆಕ್ಕ ಬರೆಯುವ ಮಹನೀಯರಿಗೆ

ಜಗತ್ತಿನ ಹೊಗೆಯ ಲೆಕ್ಕವನ್ನು ಬರೆದಿಡುವ ಸಮಸ್ತ ಮಹನೀಯರ ಸನ್ನಿಧಿಗೆ, ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಯಿಂದ ಒಬ್ಬ ಒಕ್ಕಲು ಮಗನ ವಿಜ್ಞಾಪನೆ.

ಪತ್ರದ ತಲೆಯಲ್ಲಿ ‘ಉಭಯಕುಶಲೋಪರಿ ಸಾಂಪ್ರತ’ ಎಂದು ಬರೆಯುವುದು ನಮ್ಮ ಹಿರಿಯರ ವಾಡಿಕೆ. ಆದರೆ ತಾವು ವರ್ಷವರ್ಷವೂ ಪ್ರಕಟಿಸುವ ಅಂಕಿಗಳನ್ನು ಓದಿದ ಮೇಲೆ, ಉಭಯರಲ್ಲಿ ಒಬ್ಬರಾದರೂ ಕುಶಲದಿಂದಿರುವೆವೆಂದು ಬರೆಯಲು ಲೇಖನಿ ಹಿಂಜರಿಯುವುದರಿಂದ, ನೇರವಾಗಿ ವಿಷಯಕ್ಕೇ ಬರುತ್ತೇನೆ.

ಇಂಗಾಲಾಮ್ಲವನ್ನು ಅಳೆಯುವ ವಿದ್ಯೆ ತಮ್ಮಿಂದಲೇ ಆರಂಭವಾಯಿತೆಂಬ ಭಾವನೆ ತಮ್ಮಲ್ಲಿರುವಂತೆ ತೋರುತ್ತದೆ. ಈ ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಬರಗಾಲಕ್ಕೆಂದು ಕಾಯ್ದಿಡುತ್ತಿದ್ದ ಕಾಲದಲ್ಲಿ, ಒಳಗಿನ ಕಾಳು ಉಸಿರಾಡಿ ಉಸಿರಾಡಿ ಪ್ರಾಣವಾಯುವನ್ನು ಮುಗಿಸಿ ಇದೇ ಅನಿಲವನ್ನು ತುಂಬಿಡುತ್ತಿತ್ತು; ಅದು ಹುಳುವನ್ನು ಕೊಂದು ಜೋಳವನ್ನು ಕಾಯುತ್ತಿತ್ತು, ಅವಸರದಿಂದ ಕೆಳಗಿಳಿದ ಮನುಷ್ಯನನ್ನೂ ಅಷ್ಟೇ ನಿಷ್ಪಕ್ಷಪಾತದಿಂದ ಕೊಲ್ಲುತ್ತಿತ್ತು. ಆದುದರಿಂದ ಹಗೇವು ತೆಗೆದವರು ಕೆಲಹೊತ್ತು ಗಾಳಿಯಾಡಲು ಬಿಟ್ಟು, ಬಳಿಕ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಇಳಿಯುವುದು, ನಂದಿದರೆ ಮೇಲೆಯೇ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವುದು. ಮಾಪನವೆಂದರೆ ನಾವು ತಿಳಿದದ್ದು ಇಷ್ಟೇ.

ತಮ್ಮ ಕಂದೀಲು ಇದಕ್ಕಿಂತ ಬಹು ಸೂಕ್ಷ್ಮವಾದದ್ದೆಂಬುದನ್ನು ಒಪ್ಪುತ್ತೇನೆ. 1958ರ ಮಾರ್ಚಿನಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬವರು ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಯಂತ್ರ ಹೂಡಿದಾಗ, ಹತ್ತು ಲಕ್ಷ ಪಾಲು ಗಾಳಿಯಲ್ಲಿ 313 ಪಾಲು ಈ ಅನಿಲವಿದ್ದಿತು. 2005ರಲ್ಲಿ ಅವರು ತೀರಿಕೊಂಡ ಬಳಿಕವೂ, ನಮ್ಮಲ್ಲಿ ಕುಲಕರ್ಣಿಕೆ ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದಂತೆ, ಮಗ ರಾಲ್ಫ್ ಅವರು ಆ ದಫ್ತರವನ್ನು ನಡೆಸಿಕೊಂಡು ಬಂದರು. 2024ರ ಸರಾಸರಿ 420ನ್ನು ದಾಟಿತು. ಈ ಕುಲಕರ್ಣಿ ಮನೆತನದ ಅಂಕಿಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. ಎಲ್ಲ ಕುಲಕರ್ಣಿಕೆಗಳ ವಿಷಯದಲ್ಲಿ ಹಾಗೆ ಹೇಳಲಾರೆ.

ನನ್ನ ಸಂಶಯವಿರುವುದು ಯಾರು ಎಷ್ಟು ಬಿಟ್ಟರೆಂಬ ಇನ್ನೊಂದು ಖಾತೆಯಲ್ಲಿ. ಅದರಲ್ಲಿ ಬಹುಪಾಲು ತೂಗಿದ್ದಲ್ಲ, ಗುಣಿಸಿದ್ದು: ಕಲ್ಲಿದ್ದಲೆಷ್ಟು ಉರಿಯಿತು, ಡೀಸೆಲ್ ಎಷ್ಟು ಉರಿಯಿತು ಎಂದು ಉರಿಸಿದವರ ಲೆಕ್ಕದಿಂದಲೇ ತೆಗೆದುಕೊಂಡು ಗುಣಿಸಿ ಬರೆದದ್ದು. ಒಂದು ಲೀಟರ್ ಡೀಸೆಲ್ಲಿನ ತೂಕ ಒಂದು ಕಿಲೋಕ್ಕೂ ಕಡಿಮೆ. ಟ್ರ್ಯಾಕ್ಟರಿನಲ್ಲಿ ಉರಿದ ಮೇಲೆ ಅದು ಗಾಳಿಯೊಳಗಿನ ಆಮ್ಲಜನಕವನ್ನೂ ಕಟ್ಟಿಕೊಂಡು ಸುಮಾರು 2.7 ಕಿಲೋ ಅನಿಲವಾಗುವುದು. ಮೂಲಕ್ಕಿಂತ ಮೂರು ಪಟ್ಟು ತೂಗುವ ಇಂತಹ ಸರಕು ಲಕ್ಷ್ಮೇಶ್ವರದ ಯಾವ ದಲಾಲಿ ಅಂಗಡಿಯ ತಕ್ಕಡಿಗೂ ಈವರೆಗೆ ಏರಿದ್ದಿಲ್ಲ.

ಇನ್ನು ಆ ಹೊಗೆ ಹೋಗಿ ಸೇರುವುದೆಲ್ಲಿಗೆ? ಸುಮಾರು ಅರ್ಧ ಆಕಾಶದಲ್ಲಿಯೇ ನಿಲ್ಲುವುದು, ಕಾಲುಭಾಗವನ್ನು ಕಡಲು ಕುಡಿಯುವುದು, ಮಿಕ್ಕದ್ದು ಗಿಡಮರ ಮಣ್ಣುಗಳ ಪಾಲು ಎಂದು ತಾವು ಬರೆದಿದ್ದೀರಿ. ಈ ಕೊನೆಯ ಪಾಲಿನ ವಿಳಾಸ ಸಿಕ್ಕದೆ ಬಹುಕಾಲ ಅದನ್ನು ‘ಕಾಣೆಯಾದದ್ದು’ ಎಂದೇ ಕರೆದು, ಕಳೆದು ಉಳಿದುದನ್ನೆಲ್ಲ ನೆಲದ ಹೆಸರಿಗೆ ಹಾಕಿ ಖಾತೆಯನ್ನು ಸರಿಹೊಂದಿಸಿದಿರೆಂದು ಓದಿದಾಗ ತಮ್ಮ ಮೇಲೆ ನನಗೆ ಬಂಧುಭಾವ ಹುಟ್ಟಿತು. ಜಾತ್ರೆಯ ಖರ್ಚಿನ ಪಟ್ಟಿಯಲ್ಲಿ ‘ಇತರೆ’ ಎಂಬ ಸಾಲು ಮಾಡುವ ಕಾರ್ಯವೂ ಇದೇ. ಹೊಗೆಯ ಗತಿಯನ್ನು ಮೇಲಿನಿಂದ ನೋಡಲೆಂದು 2009ರಲ್ಲಿ ಅಮೆರಿಕದವರು ಹಾರಿಸಿದ ಉಪಗ್ರಹವು ಕಕ್ಷೆಯನ್ನು ಸೇರದೆ ಅಂಟಾರ್ಕ್ಟಿಕದ ಬಳಿಯ ಕಡಲಿಗೆ ಬಿದ್ದು, ತಾನು ಹುಡುಕಹೊರಟ ಪಾಲುಗಳಲ್ಲಿ ಕಡಲಿನ ಕಾಲುಭಾಗವನ್ನು ಸ್ವತಃ ಹೋಗಿ ಸೇರಿತು. ಅದರ ತಮ್ಮನನ್ನು 2014ರಲ್ಲಿ ಮೇಲೇರಿಸಬೇಕಾಯಿತು.

ಇದೆಲ್ಲವನ್ನೂ ಸಹಿಸಬಹುದು. ಆದರೆ ನಮ್ಮ ಕಪ್ಪತಗುಡ್ಡದ ಸೀಮೆಯಲ್ಲಿ ತಿರುಗುವಂಥ ಗಾಳಿಯಂತ್ರಗಳ ದೆಸೆಯಿಂದ ಹುಟ್ಟದೆಯೇ ಉಳಿದ ಹೊಗೆಯನ್ನೂ ಟನ್ನುಗಟ್ಟಲೆ ಅಳೆದು, ಹೊಗೆ ಬಿಡುವವರಿಗೇ ಅದನ್ನು ಮಾರಬಹುದೆಂದು 1997ರ ಕ್ಯೋಟೋ ಒಪ್ಪಂದದಲ್ಲಿ ದಾರಿಮಾಡಿಕೊಟ್ಟಿರಲ್ಲ, ಆ ಜಾಣತನದ ಮುಂದೆ ನಾನು ಮೂಕನಾಗಿದ್ದೇನೆ. ಬಿತ್ತದ ಹೊಲದ ರಾಶಿಯನ್ನು ಪೇಟೆಗೆ ಹೇರಬಹುದೆಂದು ನಮ್ಮಪ್ಪನಿಗೆ ತಿಳಿದಿದ್ದರೆ ಅವನು ಸಾಲಗಾರನಾಗಿ ಸಾಯುತ್ತಿರಲಿಲ್ಲ.

ಹೀಗೆ ಆರು ದಶಕಗಳಿಗೂ ಮೀರಿ ಹಗ್ಗ ಹಿಡಿದು, ದೀಪ ಮಂಕಾಯಿತು, ಇನ್ನಷ್ಟು ಮಂಕಾಯಿತು ಎಂದು ದಶಾಂಶ ಸಹಿತ ಸಾರುತ್ತಿರುವ ತಾವು, ಸಾರುತ್ತ ಸಾರುತ್ತಲೇ ಹಗೇವಿನೊಳಕ್ಕೆ ಇಳಿಯುತ್ತಲೂ ಇರುವಿರಿ. ಅದೇ ಹಗ್ಗದ ಇನ್ನೊಂದು ತುದಿ ನಮ್ಮ ಟೊಂಕಕ್ಕೆ ಕಟ್ಟಿರುವುದರಿಂದ ಈ ಪತ್ರವನ್ನು ಬರೆಯಬೇಕಾಯಿತು.

ನಮ್ಮ ಅಜ್ಜನ ಕಂದೀಲು ಇನ್ನೂ ಅಟ್ಟದ ಮೇಲಿದೆ. ತಮ್ಮ ಯಂತ್ರಗಳ ಮಾತು ತಮಗೇ ಕೇಳಿಸದಿದ್ದ ಪಕ್ಷದಲ್ಲಿ ಹೇಳಿಕಳುಹಿಸಿದರೆ ತಂದೊಪ್ಪಿಸುತ್ತೇನೆ. ಅದಕ್ಕೆ ತಗಲುವ ಚಿಮಣಿ ಎಣ್ಣೆಯ ಹೊಗೆಯನ್ನು ಮಾತ್ರ ಅಡರಕಟ್ಟಿಯ ಖಾತೆಗೆ ಬರೆಯಬಾರದಾಗಿ ವಿನಂತಿ.