ಇಲ್ಲಿ ಜರಾ ಖಾಲಿ ಕಾಣ್ಲತದ

ಬೀದರ್‌ನಿಂದ ಔರಾದ್ ರಸ್ತೆ ಹಿಡಿದರೆ ಸಿಗುವ ಜನವಾಡದಲ್ಲಿ ಇವರ ಸ್ಟುಡಿಯೋ. ಇಂಥವರು ಭಾಲ್ಕಿಯಲ್ಲೂ ಒಬ್ಬರಿದ್ದಾರೆ, ಔರಾದ್‌ನಲ್ಲೂ ಒಬ್ಬರಿದ್ದಾರೆ. ಕರ್ನಾಟಕದ ಯಾವ ತಾಲೂಕಿನ ಛಾಯಾಗ್ರಾಹಕರ ಸಂಘದ ಬಾಗಿಲು ತಟ್ಟಿದರೂ ಇವರೇ ಬಂದು ತೆರೆಯುತ್ತಾರೆ. ಹಾಗಾಗಿ ಹೆಸರು ಬೇಡ, ಅಧ್ಯಕ್ಷರು ಎಂದರೆ ಸಾಕು. ಖರೆ ಹೇಳಬೇಕೆಂದರೆ ಮಾಜಿ ಅಧ್ಯಕ್ಷರು. ಆದರೆ ಅದನ್ನು ಅವರ ಮುಂದೆ ಹೇಳಿದವರು ಯಾರೂ ಇಲ್ಲ.

ರೀಲಿನ ಕಾಲದಿಂದ ಮದುವೆ ಫೋಟೋ ತೆಗೆದ ಕೈ ಅದು. ಅರಿಶಿನ ಮೆತ್ತಿದ ಮದುಮಗನ ಗದ್ದವನ್ನು ಎರಡೇ ಬೆರಳಲ್ಲಿ ಹಿಡಿದು, ಇಷ್ಟೇ ಇಷ್ಟು ಓರೆ ಮಾಡಿ ‘ಹಾಂ, ಈಗ ನಗು’ ಎಂದರೆ ಎಂಥ ಬಿಗುಮಾನದ ವರನೂ ಹಲ್ಲು ಬಿಡುತ್ತಾನೆ. ಚೌಕಟ್ಟಿನೊಳಗೆ ಯಾರು ಇರಬೇಕು, ಯಾರನ್ನು ನಯವಾಗಿ ಆಚೆ ಸರಿಸಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಈ ಜಾಣ್ಮೆಯೆಲ್ಲ ಎಲ್ಲಿ ಮಾಯವಾಗುತ್ತದೆಂದರೆ, ಸಂಘದ ಲೋಗೋ ಮಾಡುವಾಗ.

1839ರ ಆಗಸ್ಟ್ 19ರಂದು ಫ್ರಾನ್ಸ್ ಸರ್ಕಾರ ಡಾಗೇರ್‌ನ ಫೋಟೋ ವಿಧಾನವನ್ನು ಜಗತ್ತಿಗೆಲ್ಲ ಬಿಟ್ಟುಕೊಟ್ಟಿತು. ಆ ನೆನಪಿಗೆ ಅದೇ ದಿನ ವಿಶ್ವ ಛಾಯಾಗ್ರಹಣ ದಿನಾಚರಣೆ. ಸಭೆ, ಸನ್ಮಾನ, ಶಾಲು, ಊಟ ಎಲ್ಲ ಇರುತ್ತದೆ. ಜುಲೈ ಮುಗಿಯುತ್ತ ಬಂದಂತೆ ಅಧ್ಯಕ್ಷರಿಗೆ ಫ್ಲೆಕ್ಸಿನ ಚಿಂತೆ ಹತ್ತುತ್ತದೆ, ಫ್ಲೆಕ್ಸಿನ ಹಿಂದೆಯೇ ಲೋಗೋ ಹಳೆಯದಾಯಿತೆಂಬ ಚಿಂತೆ. ಹಳೆಯದರಲ್ಲಿ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಕ್ಯಾಮೆರಾ, ಅದರ ಲೆನ್ಸಿನೊಳಗೆ ರೆಪ್ಪೆ ಸಮೇತ ಒಂದು ಕಣ್ಣು, ಸುತ್ತ ಹಾವಿನಂತೆ ಫಿಲ್ಮ್ ರೀಲು. ಸಂಘದ ಅರ್ಧ ಸದಸ್ಯರು ರೀಲು ಕಂಡಿದ್ದೇ ಈ ಲೋಗೋದಲ್ಲಿ.

ಕೆಲಸ ಬೀಳುವುದು ಬೀದರ್‌ನ ಡಿಟಿಪಿ ಅಂಗಡಿಯ ಹುಡುಗನ ತಲೆಗೆ. ಹುಡುಗನಿಗೆ ಕೋರೆಲ್ ಡ್ರಾ ಬರುತ್ತದೆ, ಫೋಟೋಶಾಪ್ ಬರುತ್ತದೆ, ತಾಳ್ಮೆಯೂ ಇದೆ. ಊರಿನ ಬಿದರಿ ಕೆಲಸವನ್ನು ನೋಡುತ್ತ ಬೆಳೆದವನು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತ ಹಚ್ಚಿ ಮೇಲ್ಮೈ ಕಪ್ಪಾಗಿಸಿ, ಉಳಿಯಿಂದ ಬಳ್ಳಿ ಕೊರೆದು, ಆ ಸಂದಿಗೆ ಬೆಳ್ಳಿ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿ ನೀರು ತಾಕಿದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಲೆ ಇದು. ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದೂ ಇದಕ್ಕೇ. ಹುಡುಗ ಅದನ್ನೇ ಹಿಡಿದ. ಕಪ್ಪು ದುಂಡು, ಅದರ ನಡುವೆ ಬಿಳಿ ಗೆರೆಯಲ್ಲಿ ಒಂದು ಹೂವು. ಹತ್ತಿರದಿಂದ ನೋಡಿದರೆ ಎಸಳುಗಳೇ ಲೆನ್ಸಿನ ಅಪರ್ಚರ್. ಅಷ್ಟೇ. ನೋಡಿದವರಿಗೆ ಬೀದರ್ ಎಂದೂ ಗೊತ್ತಾಗಬೇಕು, ಕ್ಯಾಮೆರಾ ಎಂದೂ ಗೊತ್ತಾಗಬೇಕು. ನನ್ನನ್ನು ಕೇಳಿದರೆ ಅಲ್ಲಿಗೇ ಕಂಪ್ಯೂಟರ್ ಬಂದ್ ಮಾಡಿ ಚಹಾಕ್ಕೆ ಹೋಗಬಹುದಿತ್ತು.

ಅಧ್ಯಕ್ಷರು ಕನ್ನಡಕ ಏರಿಸಿ, ಇಳಿಸಿ, ನೋಡಿದರು. ‘ಛಲೋ ಅದ. ಖರೆ ಇಲ್ಲಿ ಜರಾ ಖಾಲಿ ಕಾಣ್ಲತದಲ್ಲ ತಮ್ಮಾ.’

‘ಅದು ಬೇಕಂತೇ ಬಿಟ್ಟಿದ್ದರಿ ಕಾಕಾ.’

‘ಬಿಟ್ರ ಮಂದಿ ಯಾನ್ ಅಂತಾರ? ರೊಕ್ಕ ಕಮ್ಮಿ ಬಿತ್ತು ಅಂತಾರ.’

ಅಲ್ಲಿಂದ ಭರ್ತಿ ಕಾರ್ಯಕ್ರಮ ಶುರು. ಬೀದರ್ ಎಂದ ಮೇಲೆ ಕೋಟೆ ಬೇಕು. ಕೋಟೆ ಬಂದರೆ ಮಹಮೂದ್ ಗವಾನನ ಮದರಸಾ ಬಿಡಲಾದೀತೆ? 1472ರ ಕಟ್ಟಡ ಅದು. ಔರಂಗಜೇಬನ ಕಾಲದ ಸಿಡಿಮದ್ದಿನ ಸ್ಫೋಟದಲ್ಲಿ ಮುಂಭಾಗ ಕುಸಿದು ಈಗ ಒಂದೇ ಮಿನಾರು ನಿಂತಿದೆ. ಹುಡುಗ ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದ. ಅಧ್ಯಕ್ಷರಿಗೆ ಬ್ಯಾಲೆನ್ಸ್ ಸರಿ ಕಾಣಲಿಲ್ಲ. ‘ಆ ಬಾಜೂಕೂ ಒಂದು ಹಾಕು’ ಎಂದರು. ಪುರಾತತ್ವ ಇಲಾಖೆಯ ಕೈಗೆ ಇದುವರೆಗೆ ಆಗದ ಜೀರ್ಣೋದ್ಧಾರವನ್ನು ಹುಡುಗ ಕಾಪಿ, ಪೇಸ್ಟ್, ಫ್ಲಿಪ್ ಮಾಡಿ ಮುಗಿಸಿದ.

ಬೀದರ್‌ಗೆ ಇಷ್ಟು ಕೊಟ್ಟ ಮೇಲೆ ತಾಲೂಕುಗಳು ಸುಮ್ಮನಿರುತ್ತವೆಯೇ? ಭಾಲ್ಕಿಯವರು ಭಾಲ್ಕೇಶ್ವರ ಗುಡಿ ಎಂದರು, ಔರಾದ್‌ನವರು ಅಮರೇಶ್ವರ ಎಂದರು. ಒಂದು ಮೂಲೆ ಇವರಿಗೆ, ಒಂದು ಮೂಲೆ ಅವರಿಗೆ. ಕೃಷ್ಣಮೃಗದ ಬೆನ್ನು ಹತ್ತಿ ಹೊಲ ತಿರುಗುವ ವನ್ಯಜೀವಿ ಹುಡುಗರು ಒಂದು ಜಿಂಕೆ ಕೇಳಿದರು, ಕೊಡಲಾಯಿತು. ಜನವಾಡಕ್ಕೇನು? ಸ್ವಂತ ಊರನ್ನು ಬಿಡುವುದುಂಟೇ! ಔರಾದ್‌ಗೆ ಹೋಗುವಾಗ ಅಡ್ಡ ಬರುವ ಮಾಂಜ್ರಾ ನದಿಯನ್ನು ಅಧ್ಯಕ್ಷರು ಕೋಟೆಯ ಬುಡಕ್ಕೆ ಹರಿಸಿದರು. ಹಳೆಯ ಕ್ಯಾಮೆರಾ, ಕಣ್ಣು, ರೀಲು ಹಿರಿಯರ ಗೌರವಾರ್ಥ ಹಾಗೇ ಉಳಿದವು.

ಇನ್ನು ಅಕ್ಷರ. ‘ಛಾಯಾಗ್ರಾಹಕರ ಕ್ಷೇಮಾಭಿವೃದ್ಧಿ ಸಂಘ’ ಎಂಬ ಹೆಸರು ಇಟ್ಟ ಪುಣ್ಯಾತ್ಮ ಅದನ್ನು ದುಂಡಗೆ ಬರೆಯಬೇಕಾದೀತು ಎಂದು ಎಣಿಸಿರಲಿಕ್ಕಿಲ್ಲ. ಹಳೆಯ ಫೋಟೋಶಾಪಿನಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಆನ್ ಮಾಡದೆ ಯುನಿಕೋಡ್ ಅಕ್ಷರ ಹಾಕಿದರೆ ಒತ್ತುಗಳು ಕೆಳಗಿಳಿಯದೆ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ನುಡಿ ಫಾಂಟಿನಲ್ಲಿ ಹೊಡೆದರೆ ಇಲ್ಲಿ ಸರಿ, ಆ ಫಾಂಟಿಲ್ಲದ ಪ್ರೆಸ್ಸಿನಲ್ಲಿ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಇಷ್ಟರಲ್ಲಿ ಒಬ್ಬರು ಉರ್ದು ಕೇಳಿದರು, ಔರಾದ್ ಕಡೆಯವರೊಬ್ಬರು ಮರಾಠಿ ಕೇಳಿದರು. ಕನ್ನಡ ಎಡದಿಂದ ಹೊರಟು, ಉರ್ದು ಬಲದಿಂದ ಹೊರಟು ಎರಡೂ ಜಿಂಕೆಯ ಕೊಂಬಿನ ಹತ್ತಿರ ಡಿಕ್ಕಿ ಹೊಡೆದವು. ಮರಾಠಿಯನ್ನು ಮುಂದಿನ ವರ್ಷಕ್ಕೆ ನೋಡೋಣ ಎಂದು ಸಮಾಧಾನ ಮಾಡಲಾಯಿತು.

ಅಧ್ಯಕ್ಷರಿಗೆ ಲೋಕಜ್ಞಾನ ಇಲ್ಲವೆಂದು ತಿಳಿಯಬೇಡಿ. 2016ರ ಮೇ ತಿಂಗಳಲ್ಲಿ ಇನ್‌ಸ್ಟಾಗ್ರಾಮ್ ತನ್ನ ಕಂದು ಕ್ಯಾಮೆರಾ ಕಿತ್ತುಹಾಕಿ, ಗುಲಾಬಿ-ಕೇಸರಿ ಬಣ್ಣದ ಮೇಲೆ ಬರೀ ಬಿಳಿ ಗೆರೆ ಇಟ್ಟಾಗ ಜಗತ್ತಿನ ಅರ್ಧ ಮಂದಿ ಬೈದಿದ್ದು ಅವರಿಗೆ ನೆನಪಿದೆ. ಆ ಬೈದವರೇ ಇಂದು ದಿನಕ್ಕೆ ನೂರು ಸಲ ಅದನ್ನು ಒತ್ತುತ್ತಾರೆ ಎಂದು ಹುಡುಗ ಹೇಳಿದರೆ ಅವರು ಕೊಡಕ್ ಎತ್ತಿಕೊಳ್ಳುತ್ತಾರೆ. 1971ರ ‘ಕೆ’ ಗುರುತನ್ನು 2006ರಲ್ಲಿ ಬಿಟ್ಟ ಕಂಪನಿ 2016ರಲ್ಲಿ ಮತ್ತೆ ಅದಕ್ಕೇ ಮರಳಿತಲ್ಲ! ‘ನಡುವ ದಿವಾಳಿ ಎದ್ದಿತ್ತು, ಗೊತ್ತದ ಇಲ್ಲ?’ ಎಂದು ಹುಬ್ಬು ಹಾರಿಸುತ್ತಾರೆ. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿದ್ದು ಹೌದು. ಡಿಜಿಟಲ್ ಕ್ಯಾಮೆರಾ ಬಂದು ರೀಲಿನ ವ್ಯಾಪಾರ ನುಂಗಿದ್ದು ಕಾರಣ ಎನ್ನುವ ಮಾತು ಅವರ ವಾದಕ್ಕೆ ಒದಗುವುದಿಲ್ಲ, ಹಾಗಾಗಿ ಅದನ್ನು ಕ್ರಾಪ್ ಮಾಡುತ್ತಾರೆ.

ಹಿಂದೆ ಸ್ಟುಡಿಯೋಗಳು ಫೋಟೋ ಅಂಟಿಸಿದ ರಟ್ಟಿನ ಮೂಲೆಯಲ್ಲಿ ಸಣ್ಣ ಉಬ್ಬುಮುದ್ರೆ ಒತ್ತುತ್ತಿದ್ದವು. ಬೆರಳಾಡಿಸಿದರಷ್ಟೇ ತಿಳಿಯುವಂಥದ್ದು. ಅಧ್ಯಕ್ಷರ ವಾಟರ್‌ಮಾರ್ಕ್ ಹಾಗಲ್ಲ. ಹೊಸ ಲೋಗೋ ಬಂದ ವಾರವೇ ಒಂದು ಮದುವೆಯ ಫೋಟೋ ಸ್ಟೇಟಸ್‌ಗೆ ಬಂತು. ಮದುಮಗಳ ಮುಖಕ್ಕಿಂತ ಮದರಸಾ ದೊಡ್ಡದಿತ್ತು, ಸೋದರಮಾವನ ಹೊಟ್ಟೆಯ ಮೇಲೆ ಮಾಂಜ್ರಾ ಹರಿದಿತ್ತು.

ಸಂಘದ ವಾಟ್ಸಾಪ್ ಗ್ರೂಪಿಗೆ ಡಿಪಿ ಹಾಕಿದ ದಿನ ಮಾತ್ರ ನಿಜವಾದ ಗದ್ದಲ ಎದ್ದಿತು. ಡಿಪಿ ದುಂಡಗೆ ಕಾಣುತ್ತದಷ್ಟೇ? ಮೂಲೆಗಳು ಹೋದವು. ಮೂಲೆಯ ಜೊತೆ ಭಾಲ್ಕಿಯೂ ಔರಾದೂ ಹೋದವು. ಸಂಜೆಯೊಳಗೆ ಎರಡೂ ಕಡೆಯಿಂದ ವಾಯ್ಸ್ ಮೆಸೇಜು. ಅಧ್ಯಕ್ಷರು ವಾಟ್ಸಾಪ್ ಕಂಪನಿಗೇ ಪತ್ರ ಬರೆಯೋಣ ಎಂದರು.

ಸದ್ಯ ಚರ್ಚೆ ಟೀ ಶರ್ಟಿನದು. ಅರಿಶಿನ, ಕುಂಕುಮ, ಊಟದ ಕಲೆ ಕಾಣಬಾರದೆಂದು ಮರೂನ್ ಬಣ್ಣ ಎಲ್ಲರಿಗೂ ಒಪ್ಪಿಗೆಯಾಯಿತು. ತಕರಾರು ಬಂದದ್ದು ಕಸೂತಿ ಮಶೀನಿನವನಿಂದ. ಎದೆಯ ಮೇಲೆ ಮೂರು ಇಂಚಿನಲ್ಲಿ ಇಷ್ಟೆಲ್ಲ ಹೊಲಿದರೆ ದಾರದ ಗಂಟೊಂದು ಉಳಿಯುತ್ತದೆಯೇ ಹೊರತು ಅಕ್ಷರ ಮೂಡುವುದಿಲ್ಲ ಎಂದ. ಆ ಹೂವೊಂದನ್ನೇ ಹಾಕೋಣವೇ ಎಂದು ಹುಡುಗ ಮೆಲ್ಲಗೆ ಕೇಳಿದ.

‘ಹೂವು ಯಾಕೋ?’ ಎಂದರು ಅಧ್ಯಕ್ಷರು. ‘ಪೂರಾ ಲೋಗೋ ಬೆನ್ನ ಮ್ಯಾಲ ಹಾಕ್ಸು. ಮದುವಿ ಮಂದಿಗಿ ಮದುಮಗ ಎಲ್ಲಿ ಕಾಣ್ತಾನ? ಮುಗಿಯೋ ತನಕ ಅವರು ನೋಡೋದು ನಮ್ಮ ಬೆನ್ನೇ ಅಲ್ಲೇನು!’