ಸಾರ್ ಇಲ್ಲದ ಊರು

ಅಮೆರಿಕಕ್ಕೆ ಓದಲು ಹೊರಟವರಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಚಳಿಗೆ ದಪ್ಪ ಸ್ವೆಟರ್ ತಗೋ, ಕುಕ್ಕರಿಗೆ ಗ್ಯಾಸ್ಕೆಟ್ ಎರಡು ಇಟ್ಕೋ, ಹಲ್ಲುನೋವಿದ್ದರೆ ಇಲ್ಲೇ ತೋರಿಸ್ಕೊಂಡು ಹೋಗು, ಅಲ್ಲಿ ಹಲ್ಲಿನ ಡಾಕ್ಟರಿಗೆ ಆಸ್ತಿ ಬರೆದುಕೊಡಬೇಕಾಗುತ್ತೆ. ಎಲ್ಲವೂ ಸರಿಯಾದ ಮಾತೇ. 23 ಕೆ.ಜಿ.ಯ ಎರಡು ಪೆಟ್ಟಿಗೆಗಳಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ತುರುಕಿ, ತೂಕ ಹೆಚ್ಚಾಯಿತೆಂದು ಪುಸ್ತಕ ತೆಗೆದು ಹೊರಗಿಡುತ್ತೇವೆ. ಓದಲು ಹೋಗುವವರು ನಾವು! ಆದರೆ ಸಾರಿನ ಪುಡಿ ಹೊತ್ತೊಯ್ಯಬಹುದು, ‘ಸಾರ್’ ಅನ್ನುವುದನ್ನು ಮಾತ್ರ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗಬೇಕು ಎಂದು ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ಬಸ್ ಕಂಡಕ್ಟರಿಂದ ಕುಲಪತಿಯವರೆಗೆ ಎಲ್ಲರೂ ಸಾರೇ. ಮಾತು ಶುರು ಮಾಡಲು ಸಾರ್, ಮುಗಿಸಲು ಸಾರ್, ನಡುವೆ ಏನು ಹೇಳುವುದೆಂದು ತೋಚದಿದ್ದರೂ ಸಾರ್. ಅಂಥಲ್ಲಿ ಬೆಳೆದ ನಾನು ಅಮೆರಿಕದ ಮಿಡ್‌ವೆಸ್ಟಿನ ಒಂದು ವಿಶ್ವವಿದ್ಯಾಲಯಕ್ಕೆ ಹೋದರೆ, ನಮ್ಮಪ್ಪನಿಗಿಂತ ಹಿರಿಯರಾದ, ತಲೆ ಪೂರ್ತಿ ನೆರೆತ ಅಡ್ವೈಸರ್ ಕೈಕುಲುಕಿ, ಮೂರಕ್ಷರದ ತಮ್ಮ ಹೆಸರು ಹೇಳಿ, ‘ಹಾಗೇ ಕರಿ ಸಾಕು’ ಎಂದರು. ಆ ಹೆಸರನ್ನು ಇಲ್ಲಿ ಬರೆಯಲೂ ನನಗೆ ಕೈ ಬರುತ್ತಿಲ್ಲ.

ನಮ್ಮಜ್ಜಿ ತಾತನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ‘ಇವರು’, ‘ನಮ್ಮನೆಯವರು’, ‘ಕೇಳಿಸ್ತೇನು?’ ಇಷ್ಟರಲ್ಲೇ ಸಂಸಾರ ತೂಗಿಸಿದಳು. ರೇಷನ್ ಕಾರ್ಡಿನವರು ಯಜಮಾನರ ಹೆಸರು ಕೇಳಿದರೆ ಪಕ್ಕದಲ್ಲಿದ್ದ ನನ್ನನ್ನು ತಿವಿದು, ‘ನೀನು ಹೇಳೋ’ ಅನ್ನುತ್ತಿದ್ದಳು. ನಾನೂ ಅದೇ ವ್ರತ ಹಿಡಿದೆ. ಅಡ್ವೈಸರ್ ಕಾರಿಡಾರಿನಲ್ಲಿ ಮುಂದೆ ಹೋಗುತ್ತಿದ್ದರೆ ಕೂಗುವ ಹಾಗಿಲ್ಲ, ಓಡಿಹೋಗಿ ಎದುರಿಗೆ ನಿಲ್ಲಬೇಕು. ಈಮೇಲಿಗೆ ಬರೀ ‘ಹಲೋ’. ಫೋನಾದರೆ ಗಂಟಲು ಸರಿಮಾಡಿಕೊಳ್ಳುವುದು. ನನ್ನ ಪಾಡು ನೋಡಿ ಧಾರವಾಡದ ಕಡೆಯ ಗೆಳತಿಯೊಬ್ಬಳು, ‘ಮದುವ್ಯಾಗ ಗಂಡನ ಹೆಸರಿಗೆ ಒಡಪ ಹೇಳ್ತಾರಲ್ಲ, ನಿನ್ನ ಪ್ರೊಫೆಸರ್ ಹೆಸರಿಗೂ ಒಂದು ಕಟ್ಟಿಕೊಡ್ತೀನಿ ತಗೊ’ ಎಂದಳು.

ಹೆಸರು ಹಿಡಿದು ಕರೆಸಿಕೊಳ್ಳುವವರು ಸಡಿಲ ಮನುಷ್ಯರೆಂದು ತಿಳಿದರೆ ಕೆಟ್ಟಿರಿ. ಸೈಕಲ್ಲಿನಲ್ಲಿ ಬರುತ್ತಾರೆ, ನಾವು ಬರುವತನಕ ಬಾಗಿಲು ಹಿಡಿದು ನಿಲ್ಲುತ್ತಾರೆ, ಸೆಮಿನಾರಿಗೆ ಪಿಜ್ಜಾ ತರಿಸುತ್ತಾರೆ; ನಾವು ಬರೆದುಕೊಟ್ಟದ್ದನ್ನು ಮಾತ್ರ ಅಲ್ಪವಿರಾಮವನ್ನೂ ಬಿಡದೆ ಓದಿ, ‘ಇದಕ್ಕೆ ಆಧಾರವೇನು?’ ಎಂದು ಅಂಚಿನಲ್ಲಿ ಬರೆದು ವಾಪಸು ಕೊಡುತ್ತಾರೆ. ನಮ್ಮೂರಿನ ‘ಸಾರ್’ಗಳಲ್ಲಿ ನಾನು ಬರೆದದ್ದನ್ನು ಅಷ್ಟು ಗಮನವಿಟ್ಟು ಓದಿದವರು ಕಡಿಮೆ.

ಆಫೀಸ್ ಅವರ್ಸ್ ಎಂಬುದೊಂದಿದೆ. ವಾರಕ್ಕೆ ಇಂತಿಷ್ಟು ಹೊತ್ತು ಮೇಷ್ಟ್ರು ಬಾಗಿಲು ತೆರೆದು ಕೂತಿರುತ್ತಾರೆ, ಯಾರು ಬೇಕಾದರೂ ಹೋಗಿ ಏನು ಬೇಕಾದರೂ ಕೇಳಬಹುದು, ಸಿಲಬಸ್ಸಿನಲ್ಲೇ ಅಚ್ಚಾಗಿರುತ್ತದೆ. ನಮಗೋ, ಸ್ಟಾಫ್ ರೂಮಿಗೆ ಹೋಗುವುದೆಂದರೆ ಏನೋ ತರಲೆ ಮಾಡಿ ಸಿಕ್ಕಿಬಿದ್ದಿರಬೇಕು. ಅದರಿಂದ ನಮ್ಮ ಹುಡುಗರು ಆ ಬಾಗಿಲ ಮುಂದೆ ಎರಡು ಸಲ ಹಾದು, ನೀರು ಕುಡಿದು, ಗೂಗಲ್ ಮಾಡಿಕೊಂಡು ಮನೆಗೆ ಬರುತ್ತಾರೆ.

ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ನನ್ನ ಪಾಲಿನ ಗಂಟೆಗಳಿಗೆ ಟಿ.ಎ. ಕೆಲಸ ಸಿಕ್ಕಿತು: ಡಿಗ್ರಿಯ ಮೊದಲ ವರ್ಷದವರಿಗೆ ಪಾಠ ಹೇಳಿಕೊಟ್ಟು ಪೇಪರ್ ತಿದ್ದುವುದು. ನಮ್ಮಲ್ಲಾದರೆ ಅಂಕ ಕಡಿಮೆ ಬಂದವರು ಫೀಸು ಕಟ್ಟಿ ರೀವ್ಯಾಲ್ಯುಯೇಷನ್ನಿಗೆ ಅರ್ಜಿ ಹಾಕಿ ಕಾಯಬೇಕು. ಅಲ್ಲಿ ಹದಿನೆಂಟರ ಹುಡುಗನೊಬ್ಬ ಟೋಪಿ ಹಿಂದುಮುಂದಾಗಿ ಹಾಕಿಕೊಂಡು, ಕಾಫಿ ಹೀರುತ್ತಾ ಬಂದು, ನನ್ನ ಹೆಸರು ಹಿಡಿದು ಕರೆದು, ‘ಇಲ್ಲಿ ಅರ್ಧ ಅಂಕ ಯಾಕೆ ಹೋಯಿತು?’ ಎಂದು ನಗುನಗುತ್ತಲೇ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಆದರೂ ಮೈಯೆಲ್ಲ ಉರಿಯಿತು. ನಾನು ಇಷ್ಟು ವರ್ಷ ಕಂಡಕಂಡವರನ್ನೆಲ್ಲ ಸಾರ್ ಎಂದದ್ದು ಬರೀ ವಿನಯವಲ್ಲ, ಮುಂದೆ ನನ್ನನ್ನೂ ನಾಲ್ಕು ಜನ ಹಾಗೆ ಕರೆದಾರು ಎಂಬ ಲೆಕ್ಕಾಚಾರವೂ ಅದರಲ್ಲಿತ್ತೆಂದು ಆಗ ಹೊಳೆಯಿತು. ಆ ಲೆಕ್ಕ ಅಮೆರಿಕದಲ್ಲಿ ವಸೂಲಾಗುವುದಿಲ್ಲ.

ಸರಿ, ಹೆಸರು ಹಿಡಿದೇ ಕರೆಯಲಿ. ಯಾವ ಹೆಸರು ಹಿಡಿದು? ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಬಿಟ್ಟವರ ವೀಸಾದಲ್ಲಿ ಇದ್ದೊಂದು ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್.ಎನ್.ಯು. ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆಮೇಲೆ ಲೈಬ್ರರಿಯಿಂದ ‘ಡಿಯರ್ ಫ್ನು’ ಎಂದು ಮೇಲ್ ಬರುತ್ತದೆ. ನಮ್ಮ ವಿಭಾಗದಲ್ಲಿ ಕರ್ನಾಟಕದ ಒಬ್ಬ ಫ್ನು, ಇಂಡೋನೇಷ್ಯಾದ ಇನ್ನೊಬ್ಬ ಫ್ನು ಇದ್ದರು. ಇಬ್ಬರೂ ನೆಂಟರೇ ಎಂದು ಆಫೀಸಿನಾಕೆ ಕೇಳಿದ್ದಳು.

1959ರಲ್ಲಿ ಬ್ಲೂಮಿಂಗ್ಟನ್ನಿನ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಭಾಷಾವಿಜ್ಞಾನ ಓದಲು ಹೋದ ಮೈಸೂರಿನ ಎ.ಕೆ. ರಾಮಾನುಜನ್ ಈ ವಿಷಯದಲ್ಲಿ ಪುಣ್ಯವಂತರು. ಇನಿಷಿಯಲ್ ಮುಂದೆ, ಸ್ವಂತ ಹೆಸರು ಕೊನೆಗೆ. ಕೊನೆಯದೇ ಮನೆತನದ ಹೆಸರೆಂದು ಅಮೆರಿಕದವರು ತಿಳಿದುಕೊಂಡರೂ 1963ರ ಡಾಕ್ಟರೇಟು, ಆಮೇಲಿನ ಪುಸ್ತಕಗಳು, ಕೀರ್ತಿ ಎಲ್ಲ ಸ್ವಂತ ಹೆಸರಿಗೇ ಬಂದವು. ಅಪ್ಪನ ಹೆಸರನ್ನು ಕೊನೆಗೆ ಹಾಕಿಕೊಂಡವರ ಕತೆ ಬೇರೆ. ನನ್ನ ರೂಮ್‌ಮೇಟ್ ಒಬ್ಬನಿದ್ದ, ತೀರ್ಥಹಳ್ಳಿ ಕಡೆಯವನು. ಅವನಪ್ಪನ ಹೆಸರು ಹನುಮಂತಪ್ಪ ಅಂತಿಟ್ಟುಕೊಳ್ಳಿ. ಬಾಡಿಗೆ ತಡವಾದರೆ ನೋಟಿಸ್ ಬರುತ್ತಿದ್ದದ್ದು ಮಿಸ್ಟರ್ ಹನುಮಂತಪ್ಪನವರಿಗೆ. ಪುಸ್ತಕ ಹಿಂತಿರುಗಿಸದವನು ಮಗ, ದಂಡ ಬಿದ್ದದ್ದು ಹನುಮಂತಪ್ಪನವರ ಹೆಸರಿಗೆ. ಊರಿನಲ್ಲಿ ಅವರ ಎದುರು ಕಾಲಮೇಲೆ ಕಾಲು ಹಾಕಿ ಕೂರದ ಹುಡುಗ ಅಲ್ಲಿ ದಿನಕ್ಕೊಮ್ಮೆ ಅವರನ್ನು ಬೈಸುತ್ತಿದ್ದ.

ಥೀಸಿಸ್ ಡಿಫೆನ್ಸ್ ಮುಗಿದ ಮೇಲೆ ಅಭ್ಯರ್ಥಿಯನ್ನು ಹೊರಗೆ ಕಳಿಸಿ, ಕಮಿಟಿಯವರು ಒಳಗೆ ಮಾತಾಡಿಕೊಂಡು, ಬಾಗಿಲು ತೆಗೆದು ‘ಡಾಕ್ಟರ್’ ಎಂದು ಸರ್‌ನೇಮ್ ಸೇರಿಸಿ ಅಭಿನಂದಿಸುವುದು ಅಲ್ಲಿನ ವಾಡಿಕೆ. ಅಷ್ಟು ವರ್ಷ ಬರೀ ಹೆಸರು ಹಿಡಿದು ಕರೆದವರೂ ಆ ಒಂದು ಗಳಿಗೆ ಬಿರುದು ಸೇರಿಸುತ್ತಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದವನು ಮಗ, ಬಾಗಿಲು ತೆರೆದಾಗ ಡಾಕ್ಟರ್ ಆದವರು ಹನುಮಂತಪ್ಪ. ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟು ಅಡಿಕೆ ಸುಲಿಸಿದವರು, ಮಗನ ಎಂ.ಎಸ್. ಫೀಸಿಗೆ ತೋಟದ ಮೇಲೆ ಸಾಲ ಎತ್ತಿದವರು. ಆ ಡಾಕ್ಟರೇಟು ಅವರಿಗೆ ಸಲ್ಲತಕ್ಕದ್ದೇ.